ಎಂಜಿನ್ ಎಂದು ಬರೆದ ದಿನ

೨೧೭೪ನೇ ಇಸವಿ, ಹದಿಮೂರನೇ ತಿಂಗಳು, ನಾಲ್ಕನೇ ದಿನ

ಮುತ್ತಜ್ಜಿಯ ಮುತ್ತಜ್ಜಿ ಗುರುಶಾಂತವ್ವನವರಿಗೆ ಹಾಲವ್ವ ಮಾಡುವ ಶರಣು.

ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮಗೆ ಹನ್ನೆರಡೇ ತಿಂಗಳು, ನಮಗೆ ಹದಿಮೂರನೆಯದೂ ಇದೆ. ವರ್ಷದ ಇಂಧನಕ್ಕೆ ಕಾರ್ಖಾನೆಗಳು ಕಾಳು ಎತ್ತುವ ಹತ್ತು ದಿನಗಳವು. ಅದಕ್ಕೆ ‘ಕಾಳೆತ್ತು’ ಎನ್ನುತ್ತೇವೆ.

ಮುಂದೊಂದು ದಿನ ನಿಮ್ಮೂರಿಗೆ ಎಥೆನಾಲ್ ಕಾರ್ಖಾನೆ ಬಂದು ಗೋವಿನಜೋಳದ ಬೆಲೆ ಏರುತ್ತದೆ. ನೀವು ಓಣಿಗೆಲ್ಲ ಹೋಳಿಗೆ ಹಂಚಿ, ಕೋಳಿಗೆಂದು ಇಟ್ಟ ಕಾಳನ್ನೂ ಮಾರುತ್ತೀರಿ. ಮೂರೇ ತಿಂಗಳಿಗೆ ಅದೇ ಕಾಳು ಕೋಳಿ ಆಹಾರವಾಗಿ, ಕೈಗೆ ಎಟುಕದ ಬೆಲೆಗೆ ವಾಪಸ್ ಬರುತ್ತದೆ. ನಿಮ್ಮ ಕೋಳಿ ಶೆಡ್ಡಿಗೆ ಬೀಗ ಬೀಳುತ್ತದೆ. ನಮ್ಮ ಮನೆಯಲ್ಲಿ ಇದನ್ನು ಇಂದಿಗೂ ಹೇಳುತ್ತಾರೆ. ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ಬೆಲೆ ಬಂದಾಗ ಹಿಗ್ಗದವರು ಯಾರಿದ್ದಾರೆ?

ಈಗ ಮನೆಗೊಂದು ‘ಬಾಯಿಪತ್ರ’. ಮನುಷ್ಯರನ್ನು ಬಿಟ್ಟು ಮನೆಯಲ್ಲಿ ಕಾಳು ತಿನ್ನುವ ಬಾಯಿ ಒಂದೇ ಇರಬೇಕು, ಇಲ್ಲ ದನ, ಇಲ್ಲ ಕಾಳಿನ ಇಂಧನ ಕುಡಿಯುವ ಎಂಜಿನ್. ಹುಲ್ಲು ಮೇಯಿಸೋಣವೆಂದರೆ ಗೋಮಾಳವೆಲ್ಲ ಗೋವಿನಜೋಳದ ಹೊಲವಾಗಿ ಎಷ್ಟೋ ಕಾಲವಾಯಿತು. ದಂಟನ್ನೂ ಕಾರ್ಖಾನೆಯವರೇ ಒಯ್ಯುತ್ತಾರೆ. ಇಂಧನ ತೆಗೆದ ಮೇಲೆ ಉಳಿಯುವ ಗಸಿ ದೊಡ್ಡ ಸಾಕಣೆಯವರಿಗೆ ಹೋಗುತ್ತದೆ, ನಮ್ಮಂಥವರ ಕೊಟ್ಟಿಗೆಗೆ ಬರುವುದಿಲ್ಲ.

ನಮ್ಮ ಎಮ್ಮೆ ಚಂಪಿ ಐದು ತಿಂಗಳ ಗಬ್ಬ. ನೀರೆತ್ತುವ ಎಂಜಿನ್ ನಿಂತರೆ ಹೊಲ ಒಣಗುತ್ತದೆ. ಇವತ್ತು ಮಧ್ಯಾಹ್ನ ಬಾಯಿಪತ್ರದಲ್ಲಿ ‘ಎಂಜಿನ್’ ಎಂದು ಬರೆದು ಸಹಿ ಮಾಡಿದೆ. ಎಮ್ಮೆ ಒಯ್ಯಲು ಲಾರಿ ಬಾಗಿಲಿಗೇ ಬಂದಿತ್ತು. ಅತ್ತೆ ಚನ್ನಬಸವ್ವ ಹಗ್ಗ ಬಿಡಲಿಲ್ಲ. ‘ನಾಳಿಗೆ ಏನ್ ಎಂಜಿನ್ ಹಿಂಡತೀಯೇನವಾ?’ ಅಂದರು. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಚಂಪಿಯನ್ನು ಯಾರೂ ಎಳೆಯಬೇಕಾಗಲಿಲ್ಲ, ಹಲಗೆಯ ಮೇಲೆ ತಾನೇ ಹತ್ತಿತು. ಲಾರಿಯೊಳಗೆ ಮೇವಿದೆ ಅಂದುಕೊಂಡಿರಬೇಕು.

ಆಮೇಲೆ ಕೊಟ್ಟಿಗೆ ಗುಡಿಸಿದೆ. ರೊಟ್ಟಿ ಬಡಿದೆ. ಅತ್ತೆ ಊಟ ಬೇಡವೆಂದು ಗೋಡೆ ಕಡೆ ತಿರುಗಿ ಮಲಗಿದರು. ನಾನು ಉಂಡೆ. ಉಪ್ಪು ಖಾರ ಸರಿಯಾಗಿಯೇ ಇತ್ತು.

ಒಂದು ಮಾತು ನಡೆಸಿಕೊಡಿ, ಮುತ್ತಜ್ಜಿ. ಬೆಲೆ ಬಂದ ದಿನ ಹೋಳಿಗೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಕೋಳಿಯ ಕಾಳನ್ನು ಲಾರಿಗೆ ಹೇರುವಾಗ ನಿಮ್ಮ ಕರುಳು ಚುರುಕ್ ಎನ್ನುತ್ತದೆ. ಆಗ ಏನೋ ಹೇಳಿ ಅದನ್ನು ಸುಮ್ಮನಾಗಿಸಬೇಡಿ. ಚೀಲವನ್ನು ಕೆಳಗಿಳಿಸಿಬಿಡಿ.

ನಾನು ಇವತ್ತು ಸಂಜೆವರೆಗೂ ಕೊಟ್ಟಿಗೆಯಲ್ಲಿ ಕೂತು ಕಾದೆ. ನನ್ನ ಕರುಳು ಚುರುಕ್ ಅನ್ನಲಿಲ್ಲ.

ನಿಮ್ಮ ಮನೆಯ ಮಗಳು,
ಹಾಲವ್ವ