ನಾಲ್ಕನೇ ಆರೋಪಿಯ ಸಹಿ

ಕಾರ್ಕ್, ಐರ್ಲೆಂಡ್
9 ನವೆಂಬರ್ 2025

ಪ್ರೀತಿಯ ಅಪ್ಪನಿಗೆ,

ನಿಮ್ಮ ಮಗಳ ನಮಸ್ಕಾರ. ವಕೀಲರ ಕಾಗದಪತ್ರ ಕೈಸೇರಿ ಬಹಳ ದಿನವಾದರೂ ಉತ್ತರಿಸಲಿಲ್ಲ, ಕ್ಷಮಿಸಿ. ಫೋನಿನಲ್ಲಾದರೆ ಅಮ್ಮ ಅಳುತ್ತಾಳೆ, ನಾನು ಜಗಳಕ್ಕಿಳಿಯುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಚಳಿ ಶುರುವಾಗಿದೆ. ರಿಂಗಾಸ್ಕಿಡಿಯ ಔಷಧ ಕಾರ್ಖಾನೆಗೆ ಹೊರಡುವಾಗಲೂ ಕತ್ತಲೆ, ಮರಳುವಾಗಲೂ ಕತ್ತಲೆ. ಊಟ, ನಿದ್ದೆಗೇನೂ ಕೊರತೆಯಿಲ್ಲ.

ಐಶು ಅತ್ತಿಗೆ ಕೊಟ್ಟ ವರದಕ್ಷಿಣೆ ಕಿರುಕುಳದ ದೂರಿನಲ್ಲಿ ಅಣ್ಣ, ಅಮ್ಮ, ನಿಮ್ಮ ನಂತರ ನನ್ನ ಹೆಸರನ್ನೂ ಕಂಡು ಮೊದಲು ನಗು ಬಂತು. ಕಾಲೇಜಿನಲ್ಲಿ ವರದಕ್ಷಿಣೆ ವಿರೋಧಿ ಕರಪತ್ರ ಹಂಚಿದವಳು ನಾನು. ‘ಸುಳ್ಳು ಕೇಸು’ ಎಂದು ಯಾರಾದರೂ ಬಾಯಿಬಿಟ್ಟರೆ ಅವರ ಮೇಲೆ ಬೀಳುತ್ತಿದ್ದೆ. ಈಗ ನಾನೇ ನಾಲ್ಕನೇ ಆರೋಪಿ. ಗೌರಿ ಹಬ್ಬದ ದಿನ ಮೈಸೂರಿನ ಮನೆಯಲ್ಲಿ ಅತ್ತಿಗೆಯ ಸರ ಕಿತ್ತುಕೊಂಡೆನಂತೆ. ಆ ದಿನ ನಾನು ಇಲ್ಲಿ ಲ್ಯಾಬಿನಲ್ಲಿದ್ದೆ.

ಮತ್ತೆ ಕರಪತ್ರಗಳನ್ನು ಹಿಡಿದು ಕೂತೆ, ಈ ಸಲ ಆರೋಪಿಗಳ ಹಕ್ಕಿನವು. ದೂರು ಬಂದಾಕ್ಷಣ ಬಂಧಿಸುವಂತಿಲ್ಲ, ನೋಟಿಸು ಕೊಟ್ಟು ವಿಚಾರಿಸಬೇಕು. ಆಧಾರವಿಲ್ಲದೆ ಗಂಡನ ಬಂಧುಗಳನ್ನು ಸೇರಿಸಿದ್ದರೆ ಅವರ ಮೇಲಿನ ಮೊಕದ್ದಮೆಯನ್ನು ಹೈಕೋರ್ಟು ರದ್ದು ಮಾಡಬಹುದು. ಇವೆಲ್ಲ ಹೆಂಗಸರ ಬಾಯಿ ಮುಚ್ಚಿಸಲು ಎಂದುಕೊಂಡಿದ್ದೆ. ಅಲ್ಲ. ಸುಳ್ಳು ಬೆರೆತರೆ ನಿಜವಾದ ದೂರೂ ಸೋಲುತ್ತದೆ.

ಕೇಸು ರದ್ದು ಮಾಡಿ ಎಂದು ಹೈಕೋರ್ಟಿಗೆ ವಕೀಲರು ನಾಲ್ವರಿಗೂ ಒಂದೇ ಅರ್ಜಿ ಬರೆದಿದ್ದಾರೆ. ‘ಅಣ್ಣ ಹೆಂಡತಿಯನ್ನು ಎಂದೂ ಏನೂ ಕೇಳಿಲ್ಲ, ಇದು ನನಗೆ ಸ್ವತಃ ಗೊತ್ತು’ ಎಂದು ನಾನು ಪ್ರಮಾಣ ಮಾಡಬೇಕಂತೆ. ಅಪ್ಪಾ, ನನಗೆ ಸ್ವತಃ ಗೊತ್ತಿರುವುದು ಬೇರೆ. ಜೂನಿನಲ್ಲಿ ಅತ್ತಿಗೆಯ ಜೊತೆ ವಿಡಿಯೊ ಕರೆಯಲ್ಲಿದ್ದಾಗ ಅಣ್ಣ ಹಿಂದಿನಿಂದ, “ಸೈಟ್ ನನ್ನ ಹೆಸ್ರಿಗೆ ಮಾಡ್ಸೋವರ್ಗೂ ನಿಮ್ಮಪ್ಪ ಈ ಮನೆ ಮೆಟ್ಲು ಹತ್ತೋದ್ ಬೇಡ” ಎಂದ. ನಾನು ಅಲ್ಲೇ ಬೈದೆ. “ಕಾರ್ಕಲ್ಲಿ ಕೂತ್ಕೊಂಡು ಭಾಷಣ ಬಿಗೀಬೇಡ” ಎಂದು ನಕ್ಕ.

ನನ್ನ ಜೊತೆ ಮನೆ ಹಂಚಿಕೊಂಡಿರುವ ಮಂಗಳೂರಿನ ಸ್ಯಾಂಡ್ರಾಗೆ ಹೇಳಿದೆ.

“ನಿನ್ನ ಹೆಸ್ರು ಹೋದ್ರೆ ಸಾಕಲ್ವಾ ಮಾರಾಯ್ತಿ? ಸೈನ್ ಹಾಕು, ಇಲ್ಲಿಯವ್ರು ಹೇಳುವ ಹಾಗೆ ಎಲ್ಲ ‘ಗ್ರ್ಯಾಂಡ್’, ಸರಿ ಆಗ್ತದೆ.”

“ಸುಳ್ಳಿಗೆ ಸೈನ್ ಹಾಕಿ, ನನ್ ಮೇಲಿರೋ ಸುಳ್ಳನ್ನ ಯಾವ ಬಾಯಲ್ಲಿ ಕೇಳ್ಲಿ?”

“ಊರಿಗೆ ಹೋದಾಗ ಊಟ ಯಾರು ಹಾಕೋದು? ನಿನ್ನ ಕರಪತ್ರವಾ?”

ಇಬ್ಬರೂ ನಕ್ಕೆವು.

ಶುಕ್ರವಾರ ಡಬ್ಲಿನ್ನಿನ ರಾಯಭಾರ ಕಚೇರಿಗೆ ಹೋಗಿ, ಬೇರೊಬ್ಬ ವಕೀಲರು ಬರೆದ ನನ್ನೊಬ್ಬಳದೇ ಅರ್ಜಿಗೆ ಸಹಿ ಮಾಡಿ ಕಳಿಸಿದೆ. ಆ ದಿನ ನಾನು ಮೈಸೂರಿನಲ್ಲಿರಲಿಲ್ಲ ಎಂಬುದಷ್ಟೇ ಅದರಲ್ಲಿದೆ. ಅಣ್ಣನ ವಿರುದ್ಧ ಒಂದು ಪದವಿಲ್ಲ, ಪರವಾಗಿಯೂ ಇಲ್ಲ. ನ್ಯಾಯಾಲಯ ಕೇಳಿದರೆ ಜೂನಿನ ಮಾತನ್ನು ಹೇಳುತ್ತೇನೆ. “ಬೇರೆ ಅರ್ಜಿ ಏನಾದ್ರೂ ಹಾಕಿದ್ರೆ ಈ ಮನೆಗೆ ಬರ್ಬೇಡ” ಎಂದು ಅಮ್ಮ ಮೊದಲೇ ಹೇಳಿದ್ದಾಳೆ. ಅವಳಿಗೆ ನೀವೇ ಮೆಲ್ಲಗೆ ತಿಳಿಸಿ. ಮೊಣಕಾಲಿನ ಮಾತ್ರೆ ತಪ್ಪಿಸದಿರಲಿ.

ಇಬ್ಬರ ಕಾಲಿಗೂ ಇಲ್ಲಿಂದಲೇ ನಮಸ್ಕರಿಸುತ್ತೇನೆ. ಹರಸುವ ಮನಸ್ಸಾದರೆ ಹರಸಿ.

ಇತಿ ನಿಮ್ಮ
ಮಧುಶ್ರೀ

ವಿ.ಸೂ.: ದೂರಿನಲ್ಲಿ ನನ್ನ ಬಗ್ಗೆ ಇರುವುದನ್ನು ಎಷ್ಟು ಸಲ ಬೇಕಾದರೂ ಓದಬಲ್ಲೆ. ನಿಮ್ಮ ಬಗ್ಗೆ ಒಂದೇ ವಾಕ್ಯವಿದೆ: ‘ಗಂಡ ಹೊಡೆಯುವಾಗ ಮಾವನವರು ಟಿವಿಯ ಸದ್ದು ಜಾಸ್ತಿ ಮಾಡಿದರು.’ ಜಂಟಿ ಅರ್ಜಿ ಉಳಿದೆಲ್ಲವನ್ನೂ ಅಲ್ಲಗಳೆದಿದೆ, ಇದೊಂದಕ್ಕೆ ಉತ್ತರವಿಲ್ಲ. ಇದೂ ಸುಳ್ಳೇ ಆಗಿದ್ದರೆ ನಿಮ್ಮ ಕೈಯಾರೆ ಒಂದು ಸಾಲು ಬರೆಯಿರಿ, ಅಪ್ಪಾ. ಬೇರೆ ಯಾವ ಸಾಕ್ಷಿಯೂ ನನಗೆ ಬೇಡ.