ಮೂಡಣಕ್ಕೆ ಬಾಗಿಲಿಟ್ಟ ಗುಡಿಸಲು

ಎರಡನೆಯ ನೆಲ, ಕ್ರಿ.ಶ. ೨೪೧೭, ಹದಿನಾಲ್ಕನೆಯ ತಿಂಗಳ ನಲವತ್ತನೆಯ ದಿನ.

ಹಿಂದಿನ ಕಾಲದಲ್ಲಿರುವ, ಇನ್ನೂ ಭೂಮಿ ಬಿಟ್ಟು ಹೊರಡದ ನಮ್ಮ ಹಿರಿಯರಿಗೆ ಹೊಂಬಾಳೆ ಎಂಬ ಮುದುಕಿಯ ನಮಸ್ಕಾರ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟೆನಿಸಿದರೆ ಮನ್ನಿಸಿ. ಇಲ್ಲಿ ಕಂಡದ್ದಕ್ಕೆಲ್ಲ ನಾವೇ ಹೆಸರಿಟ್ಟುಕೊಳ್ಳಬೇಕಾಯಿತು.

ದಾರಿಯಲ್ಲೇ ಹುಟ್ಟಿದ ನಿಮ್ಮ ಮಕ್ಕಳ ಮಕ್ಕಳು ಬೇಸಾಯಕ್ಕೆಂದು ಇಲ್ಲಿ ಬಂದಿಳಿದಾಗ, ಯಂತ್ರಗಳು ಮೊದಲೇ ನೆಟ್ಟುಹೋಗಿದ್ದ ಬೂದಿಮರ ಬಿಟ್ಟರೆ ಬೇರೇನೂ ಇರಲಿಲ್ಲ. ಬೂದಿ ಬಣ್ಣದ ಮರ. ಅದರ ತೊಲೆಯನ್ನು ಒಬ್ಬರೇ ಹೆಗಲ ಮೇಲೆ ಹೊರಬಹುದು. ಅದನ್ನು ಸೀಳಿ, ಮೊಳೆಯಿಲ್ಲದೆ ಗೂಟ ಬಡಿದು, ಸಂದಿಗೆ ಕೆಮ್ಮಣ್ಣು ಮೆತ್ತಿ, ಹೊಲಗಳ ಅಂಚಿನಲ್ಲಿ ಒಂದೊಂದೇ ಕೋಣೆಯ ಗುಡಿಸಲು ಕಟ್ಟಿದರು. ಹಳೆಯ ರೂಢಿಯಂತೆ ಎಲ್ಲಕ್ಕೂ ಮೂಡಣ ಬಾಗಿಲು. ಇಲ್ಲಿ ಚಳಿಗಾಲವಿಡೀ ಮೂಡಣದಿಂದಲೇ ಬೀಸುವ ಗಾಳಿಯೊಂದಿದೆ, ಕೊರೆಗಾಳಿ ಎನ್ನುತ್ತೇವೆ. ಮೊದಲ ಚಳಿಗೇ ಬಾಗಿಲುಗಳೆಲ್ಲ ಕಿತ್ತುಹೋದವು.

ಬುದ್ಧಿಯಿದ್ದವರು ಬಾಗಿಲು ತಿರುಗಿಸುತ್ತಿದ್ದರು. ನಮ್ಮವರ ಹಟ ನಿಮಗೆ ಗೊತ್ತಿದ್ದದ್ದೇ. ಹುಟ್ಟುವ ಸೂರ್ಯನಿಗೆ ಬೆನ್ನು ಹಾಕುವುದಿಲ್ಲವೆಂದು, ಅಕ್ಕಪಕ್ಕ ನಿಂತಿದ್ದ ಗುಡಿಸಲುಗಳನ್ನೇ ಬಿಚ್ಚಿ, ಒಂದರ ಹಿಂದೊಂದು ಬರುವಂತೆ ಮತ್ತೆ ಕಟ್ಟಿದರು. ಮುಂದಿನದು ಹಿಂದಿನದಕ್ಕೆ ಮರೆ. ಗಾಳಿಯನ್ನೆಲ್ಲ ತಿನ್ನುವ ಮೊಟ್ಟಮೊದಲ ಗುಡಿಸಲು ಮಾತ್ರ ಯಾರಿಗೂ ಬೇಡವಾಯಿತು, ಹಾಗಾಗಿ ಎಲ್ಲರದ್ದಾಯಿತು. ಅದನ್ನು ಎದೆಮನೆ ಎನ್ನುತ್ತೇವೆ. ಪ್ರತಿ ಚಳಿಗೆ ಒಂದು ಮನೆಯವರು ಸರದಿಯ ಮೇಲೆ ಅಲ್ಲಿರುತ್ತಾರೆ. ಅಲ್ಲಿ ಒಲೆ ಉರಿ ಹಿಡಿಯುವುದಿಲ್ಲ. ಹಿಂದಿನ ಗುಡಿಸಲುಗಳಲ್ಲಿ ಕಟ್ಟಿದ ಬಿಸಿ ಮುದ್ದೆ, ಹಿಂಗೋಡೆಯ ಕಿಂಡಿಗಳಲ್ಲಿ ಕೈಯಿಂದ ಕೈಗೆ ದಾಟಿ ಬರುತ್ತದೆ. ಎದೆಮನೆಯವರು ಉಣ್ಣುವ ತನಕ ಸಾಲಿನಲ್ಲಿ ಯಾರೂ ತುತ್ತೆತ್ತುವುದಿಲ್ಲ.

ಈ ಚಳಿಗೆ ಸರದಿ ನನ್ನದು. ಒಂಟಿ ಮುದುಕಿ, ಉಬ್ಬಸದವಳು ಎಂದು ಊರಿಗೆಲ್ಲ ಕನಿಕರ. ಎದೆಮನೆಯ ಬಾಗಿಲನ್ನು ಪಡುವಣಕ್ಕೆ ತಿರುಗಿಸೋಣ, ಆಮೇಲೆ ಎಲ್ಲ ಮನೆಗಳದ್ದೂ, ಸರದಿಯ ಕಾಟವೇ ತಪ್ಪಲಿ ಎಂದು ನೆರೆಯ ಈರಬಸು ನಿನ್ನೆ ಉಳಿ ಹಿಡಿದುಕೊಂಡೇ ಬಂದ. ಒಳ್ಳೆಯವನು. ಆದರೂ ನನಗೆ ಸಿಟ್ಟು ಬಂತು.

“ಬಾಗ್ಲು ತಿರುಗ್ಸಿದ್ರೆ ಗಾಳಿ ತಪ್ತದೆ ಕಣಪ್ಪ. ಆಮೇಲೆ ನಾನು ಉಂಡ್ನೋ ಇಲ್ವೋ ಅಂತ ಯಾರು ಕಾಯ್ತಾರೆ?” ಎಂದೆ.

ಅವನು ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಹಾಸಿಗೆಯನ್ನು ಹೊತ್ತು ಎದೆಮನೆಯಲ್ಲಿಟ್ಟು ಹೋದ.

ಅಲ್ಲಿಂದಲೇ ಬರೆಯುತ್ತಿದ್ದೇನೆ. ಈ ಜನರ ನಡುವೆ ಹುಟ್ಟಿದೆನೆಂದು ನನಗೆ ಬಹಳ ಹೆಮ್ಮೆ, ಮುಚ್ಚಿಡುವುದೇಕೆ. ಹಿರಿಯರೇ, ನೀವು ಹೊರಡುವ ಮುನ್ನ ತಿಳಿದವರು ಯಾರಾದರೂ ಇಲ್ಲಿನ ಗಾಳಿಯ ದಿಕ್ಕು ನೋಡಿ, ಬಾಗಿಲು ಪಡುವಣಕ್ಕಿಡಿ ಎಂದು ಬುದ್ಧಿ ಹೇಳಿಯಾರು. ಕೇಳಬೇಡಿ. ದಯವಿಟ್ಟು ಮೂಡಣಕ್ಕೇ ಬಾಗಿಲಿಡುವ ಆ ತಪ್ಪನ್ನು ಮಾಡಿ.