ಹಬ್ಬದ ದಿನ ಕೂಗದ ಸೈರನ್

ಮತೊಸಿನ್ಯುಶ್
ಈಸ್ಟರ್ ಕಳೆದ ಮಂಗಳವಾರ

ಪ್ರೀತಿಯ ಎರ್ಮೆಲಿಂದ ಅಕ್ಕನಿಗೆ, ತಂಗಿಯ ಅಪ್ಪುಗೆ.

ಒತೀಲಿಯಾಗೆ ಬುದ್ಧಿ ಹೇಳಿ ಲಿಯೋನ್‌ಗೆ, ನಿನ್ನ ಬಳಿಗೆ ವಾಪಸು ಕಳಿಸು ಎಂದು ಬರೆದಿದ್ದೀಯ. ಕಳಿಸುವುದಿಲ್ಲ. ನಿನ್ನ ಮಗಳು ನಮ್ಮ ಮೀನಿನ ಡಬ್ಬಿ ಕಾರ್ಖಾನೆಗೆ ಮ್ಯಾನೇಜರ್ ಆಗಿ ಬಂದಾಗ ನನಗೂ ಮುಖ ಊದಿತ್ತು, ನಿಜ. ಅಷ್ಟು ಓದಿ ಮತ್ತೆ ಈ ವಾಸನೆಗೇ ಬರಬೇಕಿತ್ತೇ ಎಂದು. ಈಗ ಅವಳ ಕೈಕೆಳಗೆ ದುಡಿಯುವವಳು ನಾನು, ಹಾಗಾಗಿ ನನ್ನ ಮಾತು ಕೇಳು.

ಮೊದಲ ವಾರ ಅವಳು ನಮ್ಮ ಸಾಲಿನಲ್ಲೇ ನಿಂತು ಬಂಗುಡೆಯ ತಲೆ ಕತ್ತರಿಸಿದಳು. ಅವಳು ಕತ್ತರಿಸಿದ್ದು ಬೆಕ್ಕುಗಳಿಗೇ ಸರಿಹೋಯಿತು ಬಿಡು. ಆಮೇಲೆ ಇಲ್ಲಿ ಏನು ಬದಲಾಗಬೇಕು ಎಂದು ನಮ್ಮನ್ನೇ ಕೇಳಿದಳು. ಸೈರನ್ ಎಂದೆವು. ನಿನಗೆ ನೆನಪಿದೆಯಲ್ಲ, ಮೀನು ಬಂತೆಂದು ಅದು ಕೂಗಿದರೆ ಒಲೆಯ ಮೇಲಿನ ಸಾರು, ತೊಟ್ಟಿಲಲ್ಲಿನ ಮಗು ಎಲ್ಲ ಬಿಟ್ಟು ಕೆಲಸಕ್ಕೆ ಓಡಬೇಕಿತ್ತು. ಇನ್ನು ಹಬ್ಬದ ದಿನ ಅದು ಕೂಗುವುದಿಲ್ಲ ಎಂದು ಮಾತು ಕೊಟ್ಟಳು.

ಈಸ್ಟರ್ ಭಾನುವಾರ ಹೊಸ್ತಿಲಿಗೆ ಹೂ ಹಾಸಿ, ಪಾದ್ರಿಗಳು ಮನೆಮನೆಗೂ ಮುತ್ತಿಡಲು ಶಿಲುಬೆ ತರುವುದನ್ನು ಎಲ್ಲ ಮನೆಯವರೂ ಕಾಯುತ್ತಿದ್ದೆವು. ಆಗಲೇ ಕಾರ್ಖಾನೆಯ ಶೀತಲ ಕೋಣೆ ಕೆಟ್ಟಿತು. ಒಳಗೆ ರಾಶಿ ಮೀನು. ಸಂಜೆಯೊಳಗೆ ಡಬ್ಬಿ ಸೇರದಿದ್ದರೆ ಎಲ್ಲ ತಿಪ್ಪೆಗೆ. ಮಾಲೀಕ ಅಬೀಲಿಯೊ ಸೈರನ್ ಹಾಕು ಎಂದನಂತೆ. "ಹಾಕಲ್ಲ ಸಾರ್, ಮಾತು ಕೊಟ್ಟಿದೀನಿ" ಅಂದಳಂತೆ ಒತೀಲಿಯಾ. ಮೀನು ಹೋದರೆ ನಿನ್ನ ಕೆಲಸವೂ ಹೋಯಿತು ಎಂದು ಅವನು ಗುಡುಗಿದ. ಇವಳು ಏಪ್ರನ್ ಕಟ್ಟಿಕೊಂಡು ಒಬ್ಬಳೇ ಕತ್ತರಿಸಲು ನಿಂತಳು.

ಕಾವಲುಗಾರನ ಬಾಯಿಂದ ಸುದ್ದಿ ಬೀದಿಗೆಲ್ಲ ಹಬ್ಬಿತು. ಯಾರೂ ಯಾರನ್ನೂ ಕರೆಯಲಿಲ್ಲ ಅಕ್ಕ. ಶಿಲುಬೆ ಒಂದೊಂದು ಮನೆ ದಾಟಿದಂತೆ, ಅದಕ್ಕೆ ಮುತ್ತಿಟ್ಟವಳು ಹಬ್ಬದ ಬಟ್ಟೆಯಲ್ಲೇ ಕಾರ್ಖಾನೆಗೆ ಹೊರಟಳು. ನಮ್ಮ ಸಾಲಿನ ಬಾಯಿಬಡುಕಿ ಕಸಿಲ್ದ, "ಚಾಕು ಹಿಡಿಯೋಕೇ ಬರಲ್ಲ, ಮೀನು ಉಳಿಸ್ತಾಳಂತೆ. ಕೊಡಮ್ಮ ಇಲ್ಲಿ" ಎಂದು ನಿನ್ನ ಮಗಳ ಕೈಯಿಂದ ಅದನ್ನು ಕಿತ್ತುಕೊಂಡಳು. ಒತೀಲಿಯಾ ಅಳುತ್ತ ನಗುತ್ತಿದ್ದಳು.

ಸಂಜೆಗೆ ಒಂದು ಮೀನೂ ಹಾಳಾಗಲಿಲ್ಲ. ಅಬೀಲಿಯೊ ಬಾಗಿಲಲ್ಲಿ ನಿಂತಿದ್ದ. ಇವಳು ನನ್ನ ಅಕ್ಕನ ಮಗಳು ಎಂದು ಅವನ ಮುಖಕ್ಕೇ ಹೇಳಿದೆ, ಅವನಿಗೆ ಗೊತ್ತಿದ್ದರೂ. ನನ್ನ ಜನ್ಮದಲ್ಲಿ ಇಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ನಿನ್ನವಳೇ ಆದ
ಫಿಲೊಮೇನ

ತಾ.ಕ.: ನಿನ್ನ ಕಾಗದ ಬಂದ ದಿನ, ಅಮ್ಮ ಏನು ಬರೆದಿದ್ದಾಳೆ ಎಂದು ಒತೀಲಿಯಾ ಕೇಳಿದಳು. ನೀನು ಬೈದದ್ದನ್ನು ಹೇಳಲು ನಾಲಿಗೆ ಏಳಲಿಲ್ಲ. "ನಿನ್ನ ವಿಷಯದಲ್ಲಿ ಅಮ್ಮನಿಗೆ ಹೆಮ್ಮೆಯಂತೆ, ನಿನಗೇ ಬರೆಯುತ್ತಾಳಂತೆ" ಎಂದುಬಿಟ್ಟೆ. ಅಂದಿನಿಂದ ಅಂಚೆಯವನ ದಾರಿ ಕಾಯುತ್ತಿದ್ದಾಳೆ. ನನ್ನನ್ನು ಸುಳ್ಳಿ ಮಾಡಬೇಡ, ಅಕ್ಕ.